ಆರಿಸಿದ ಬೀಜ, ಬೆರೆಸಿದ ಕೈ

ಗೋಣಿಬೀಡಿನ ಆ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಬೀಗದ ಕೈ ಹುಡುಗಿಯ ಕೊರಳಲ್ಲಿತ್ತು. ಕಪ್ಪು ದಾರಕ್ಕೆ ಪೋಣಿಸಿ ಚೂಡಿದಾರದ ಒಳಗೆ ಇಳಿಬಿಟ್ಟುಕೊಂಡಿದ್ದಳು. ನಾನು ಕೇಳುವ ಮೊದಲೇ, "ಒಳಗೆ ಯಾರೂ ಇಲ್ಲ ಮೇಡಂ, ಅಜ್ಜಿ ನೆಂಟರ ಮನೆಗೆ ಹೋಗಿದಾರೆ" ಎಂದಳು. ನನ್ನ ಜೊತೆ ಬಂದಿದ್ದ ಆಶಾ ಕಾರ್ಯಕರ್ತೆ ನನ್ನ ಮುಖ ನೋಡಿದರು. ಒಳಗೆ ಯಾರೋ ನೆಲದ ಮೇಲೆ ಲೋಟ ಎಳೆದಾಡುವ ಸದ್ದು ಕೇಳುತ್ತಿತ್ತು. ಹುಡುಗಿಯ ಹೆಸರು ಸಿಂಚನ. ಮೊದಲನೇ ಪಿಯುಸಿ. ಹದಿನೈದು ದಿನದಿಂದ ಕಾಲೇಜಿನ ಕಡೆ ತಲೆ ಹಾಕಿಲ್ಲ ಎಂದು ಗೊತ್ತಾಗಿ ನಾವು ಹೋಗಿದ್ದೆವು.

ಸುಳ್ಳು ಹೇಳುವಾಗ ಅವಳು ಕಣ್ಣು ತಗ್ಗಿಸಲಿಲ್ಲ. ಅಷ್ಟು ಚೆನ್ನಾಗಿ ಸುಳ್ಳು ಹೇಳುವುದು ಅಭ್ಯಾಸದಿಂದ ಮಾತ್ರ ಬರುತ್ತದೆ, ನನಗೆ ಗೊತ್ತು. ಜಗಲಿಯ ಮೇಲೆ ಕಾಫಿ ಬೀಜದ ಎರಡು ಗೋಣಿಚೀಲ ಒರಗಿಸಿಟ್ಟಿದ್ದರು. ಹುರಿಯದ ಕಾಫಿ ಬೀಜಕ್ಕೆ ನಾವು ಕುಡಿಯುವ ಕಾಫಿಯ ಪರಿಮಳವಿರುವುದಿಲ್ಲ. ಒಣಹುಲ್ಲು, ಗೋಣಿ, ಸ್ವಲ್ಪ ಮುಗ್ಗಲು, ಇಷ್ಟೂ ಸೇರಿದಂಥ ಒಂದು ವಾಸನೆ. ಜನವರಿಯ ಬಿಸಿಲಿಗೆ ಕಾದು ಅದು ಮೂಗಿಗೆ ಬಡಿದದ್ದೇ ನಾನು ಜಗಲಿಯ ಅಂಚಿಗೆ ಕುಳಿತುಬಿಟ್ಟೆ.

ಇಂಥ ಮನೆಗಳಿಗೆ ಹೋಗುವುದು ನನಗೆ ಹೊಸದಲ್ಲ. ನಾನು ಮೂಡಿಗೆರೆಯ ಹೈಸ್ಕೂಲೊಂದರಲ್ಲಿ ಪಾಠ ಹೇಳುವವಳು. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಮಕ್ಕಳನ್ನು ಹುಡುಕಿ, ತಿಂಗಳಿಗೊಂದು ಭಾನುವಾರ ಒಟ್ಟಿಗೆ ಕೂರಿಸುವ ಕೆಲಸವನ್ನು ನಾವು ನಾಲ್ಕು ಜನ ಸೇರಿ ಮಾಡುತ್ತೇವೆ. ದೊಡ್ಡ ಕೆಲಸವೇನಲ್ಲ. ಪ್ರತಿ ಮಗುವಿಗೂ ದಿನಕ್ಕೆರಡು ಗಂಟೆ ಕೈಬದಲಾಯಿಸುವ ಇನ್ನೊಬ್ಬರನ್ನು ಹುಡುಕಿಕೊಡುವುದು, ಅಷ್ಟೇ. ಆದರೆ ಹೊರಗಿನ ಬೀಗ, ಬೀಜದ ವಾಸನೆ, ಎರಡೂ ಒಂದೇ ಜಗಲಿಯಲ್ಲಿ ಸಿಕ್ಕಿದ್ದು ಅದೇ ಮೊದಲು.

ನಾನು ಎರಡನೇ ಪಿಯುಸಿಯಲ್ಲಿದ್ದ ವರ್ಷ ನಾವು ಚಿಕ್ಕಮಗಳೂರಿನಲ್ಲಿದ್ದೆವು. ಊರ ಹೊರಗಿನ ಹೊಸ ಬಡಾವಣೆಯ ಕೊನೆಯ ಮನೆ. ಅಕ್ಕಪಕ್ಕದಲ್ಲಿ ಬರೀ ಖಾಲಿ ಸೈಟು, ಅದರಲ್ಲಿ ಲಂಟಾನ ಪೊದೆ. ಅಪ್ಪ ಲಾರಿ ಡ್ರೈವರ್. ಕೊಯ್ಲಿನ ಕಾಲ ಬಂತೆಂದರೆ ಕಳಸ, ಮೂಡಿಗೆರೆ ಕಡೆಯ ತೋಟಗಳಿಂದ ಬೀಜ ಸುಲಿದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಹೊರುವುದೇ ಹೊರುವುದು. ಎರಡು ದಿನಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಅಮ್ಮ, ಗೌರಮ್ಮ, ಮದುವೆಗೆ ಮೊದಲಿಂದಲೂ ಕ್ಯೂರಿಂಗ್‌ನಲ್ಲಿ ಬೀಜ ಆರಿಸುವ ಕೆಲಸ ಮಾಡಿದವಳು. ಇಪ್ಪತ್ತೆರಡು ವರ್ಷ. ಬಣ್ಣ ನೋಡಿ ಬೀಜ ಬೇರೆ ಮಾಡುವ ಮಿಷನ್ ಬಂದ ಮೇಲೆ ಅವಳನ್ನೂ ಅವಳ ಸಾಲಿನ ಹೆಂಗಸರನ್ನೂ ಮನೆಗೆ ಕಳಿಸಿದರು. ಅದಾಗಿ ಎರಡು ವರ್ಷಕ್ಕೆ ಮರೆವು ಶುರುವಾಯಿತು. ಅವಳಿಗಾಗ ನಲವತ್ತೊಂಬತ್ತು. ಈ ವಯಸ್ಸಿಗೆ ಬರುವುದು ಅಪರೂಪ, ಬಂದರೆ ಬೇಗ ಮುಂದುವರಿಯುತ್ತದೆ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಅಪ್ಪ ಮಾತ್ರೆ ತಂದುಕೊಟ್ಟು ಲಾರಿ ಹತ್ತಿದ. ಅಪ್ಪ ಕೆಟ್ಟವನಲ್ಲ, ಹೆದರಿದವನು.

ಆ ವರ್ಷ ನವರಾತ್ರಿಗೆ ಮೊದಲು ನಾವು ಸಂಬಂಧಿಕರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟಕ್ಕೆ ಕೂತಾಗ ಅಮ್ಮ ಎದುರಿನವರನ್ನು, "ಮನೆ ಯಾರದ್ದು?" ಎಂದು ಕೇಳಿದಳು. ಹೇಳಿದರು. ಪಾಯಸ ಬರುವ ಹೊತ್ತಿಗೆ ಮತ್ತೆ ಕೇಳಿದಳು. ಮೂರನೇ ಸಲ ಕೇಳಿದಾಗ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಮ್ಮನೂ ನಕ್ಕಳು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಶೈಲಾ, ನಂಗೇನೋ ಆಗ್ತಿದೆ. ಯಾರಿಗೂ ಹೇಳ್ಬೇಡ. ಜನ ನನ್ನ ನೋಡಿ ನಗೋ ಹಾಗೆ ಮಾಡ್ಬೇಡ."

"ಹೇಳಲ್ಲ ಅಮ್ಮ."

"ನನ್ನ ಮೇಲೆ ಆಣೆ ಮಾಡು."

ಮಾಡಿದೆ. ಹದಿನೇಳು ವರ್ಷದವಳಿಗೆ ಆಣೆ ಮಾಡುವುದು ಎಷ್ಟು ಸುಲಭ ಎಂದು ಈಗ ಅನ್ನಿಸುತ್ತದೆ.

ನವೆಂಬರಿನಲ್ಲಿ ಅಮ್ಮ ಬಾಗಿಲು ತೆಗೆದುಕೊಂಡು ಹೊರಡಲು ಶುರು ಮಾಡಿದಳು. ಒಂದು ದಿನ ಹೈವೇವರೆಗೂ ಹೋಗಿಬಿಟ್ಟಿದ್ದಳು. ನಾನು ಓಡಿಹೋಗಿ ಕೈಹಿಡಿದು ಎಳೆದರೆ ಕೊಸರಿಕೊಂಡು ಲಾರಿಗಳ ಮಧ್ಯೆ ನುಗ್ಗಿದಳು. ಬ್ರೇಕ್ ಹಾಕಿದ ಡ್ರೈವರ್ ಬೈದ ಬೈಗುಳ ನನಗೆ ಈಗಲೂ ಅಕ್ಷರಕ್ಕಕ್ಷರ ನೆನಪಿದೆ. ಅವತ್ತೇ ಸಂತೆಯಲ್ಲಿ ಬೀಗ ಕೊಂಡೆ. ಆದರೆ ಬೀಗ ಹಾಕಿದರೆ ಅಮ್ಮ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಳು. ಮೂರು ದಿನ ಕಾಲೇಜು ತಪ್ಪಿಸಿ ಮನೆಯಲ್ಲೇ ಕೂತೆ. ನಾಲ್ಕನೇ ದಿನ ಅಟ್ಟದ ಮೇಲಿದ್ದ ಬೀಜದ ಚೀಲ ಕಣ್ಣಿಗೆ ಬಿತ್ತು. ಮನೆ ಖರ್ಚಿಗೆಂದು ತೋಟದವರು ಅಪ್ಪನಿಗೆ ಕೊಟ್ಟಿದ್ದ ಬೀಜ. ಒಳ್ಳೆಯದರ ಜೊತೆ ಕಪ್ಪು, ಒಡಕು, ಹುಳ ಕೊರೆದದ್ದು ಎಲ್ಲಾ ಇತ್ತು. ಮೊರಕ್ಕೆ ಸುರಿದು ಅಮ್ಮನ ಮುಂದಿಟ್ಟೆ.

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಳು. ಮಗಳ ಹೆಸರು ತಡವರಿಸುತ್ತಿದ್ದವಳ ಬೆರಳು ಒಂದು ಕ್ಷಣವೂ ತಡವರಿಸಲಿಲ್ಲ. ಕಪ್ಪು ಎಡಕ್ಕೆ, ಒಡಕು ಬಲಕ್ಕೆ, ಒಳ್ಳೆಯದು ಮುಂದಕ್ಕೆ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಒಂದು ಗಂಟೆಯವರೆಗೆ ತಲೆ ಎತ್ತುತ್ತಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು.

ಕ್ಯೂರಿಂಗ್‌ನಲ್ಲಿ ಒಂದು ಪದ್ಧತಿ ಇತ್ತಂತೆ, ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೇಳಿದ್ದಳು. ಆರಿಸಿ ಮುಗಿದ ಮೇಲೆ ಮೇಸ್ತ್ರಿ ಬಂದು ಬೀಜದೊಳಗೆ ಅಂಗೈ ತೂರಿಸಿ ಮಗುಚಿ ನೋಡುತ್ತಾನೆ. ಒಂದೂ ಕಪ್ಪು ಕಾಣದಿದ್ದರೆ 'ಪಾಸ್' ಅನ್ನುತ್ತಾನೆ. ಪಾಸಾದವರು ಎದ್ದು ಸೆರಗು ಕೊಡವಿ ಮನೆಗೆ ಹೋಗಬಹುದು. ಪಾಸಾಗದೆ ಏಳುವಂತಿಲ್ಲ. ಅಮ್ಮನ ಮನಸ್ಸಿನಲ್ಲಿ ಉಳಿದ ಒಂದೇ ಗಟ್ಟಿ ನಿಯಮ ಅದು. ಮೊರದಲ್ಲಿ ಕಪ್ಪು ಇರುವವರೆಗೆ ಕೂರುತ್ತಾಳೆ. ಮುಗಿಯಿತೆಂದರೆ ಮೇಸ್ತ್ರಿಯನ್ನು ಕರೆಯುತ್ತಾಳೆ, ಆಮೇಲೆ ಬಾಗಿಲು ಬಡಿಯುತ್ತಾಳೆ, ಮನೆಗೆ ಹೋಗಬೇಕು ಎನ್ನುತ್ತಾಳೆ. ಇದೇ ಮನೆ ಅಮ್ಮ ಎಂದರೆ ನಂಬುವುದಿಲ್ಲ.

ಹಾಗಾಗಿ ಅದು ಮುಗಿಯದ ಹಾಗೆ ನೋಡಿಕೊಂಡೆ. ಮಧ್ಯಾಹ್ನ ಕಾಲೇಜಿನಿಂದ ಓಡಿಬಂದು ಅವಳಿಗೆ ಅನ್ನ ಹಾಕಿಕೊಟ್ಟು, ಅವಳು ಕೈತೊಳೆಯಲು ಬಚ್ಚಲಿಗೆ ಹೋದಾಗ ಕಪ್ಪು, ಒಡಕು, ಒಳ್ಳೆಯದು ಮೂರನ್ನೂ ಒಟ್ಟಿಗೆ ಸುರಿದು ಚೆನ್ನಾಗಿ ಕಲೆಸಿಬಿಡುತ್ತಿದ್ದೆ. ಬಂದು ನೋಡಿ, "ಓ, ಇನ್ನೂ ಎಷ್ಟೊಂದಿದೆ" ಎಂದು ಕೂರುತ್ತಿದ್ದಳು. ಸಂಜೆ ಆರಿಸಿದ್ದನ್ನು ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಮತ್ತೆ ಬೆರೆಸುತ್ತಿದ್ದೆ. ಅದೇ ಎರಡೂವರೆ ಕೆಜಿ ಬೀಜ. ಡಿಸೆಂಬರ್ ಪೂರ್ತಿ ಹೀಗೆ ನಡೆಯಿತು. ಹೊರಗೆ ಚಳಿ, ಬೆಳಗಿನ ಮಂಜು, ಗಿರಿ ಕಡೆಯಿಂದ ಗಾಳಿ. ಕ್ಲಾಸಿನಲ್ಲಿ ಕೂತು ಕೈ ಮೂಸಿಕೊಂಡರೆ ಬೀಜದ ವಾಸನೆ. ಗೆಳತಿಯರು ಊಟಕ್ಕೆ ಕರೆದರೆ, ಮನೆ ಹತ್ತಿರ ಅಲ್ವಾ, ಅಮ್ಮ ಬಿಸಿ ಬಿಸಿ ಮಾಡಿಟ್ಟಿರ್ತಾರೆ ಎನ್ನುತ್ತಿದ್ದೆ. ಫೋನಿನಲ್ಲಿ ಅಪ್ಪ "ಸರಿ ಇದಾಳಾ?" ಎಂದರೆ "ಹೂಂ" ಎನ್ನುತ್ತಿದ್ದೆ. ನಿಜ ಹೇಳುತ್ತೇನೆ, ಆಗ ನನಗೆ ನನ್ನ ಬುದ್ಧಿಯ ಬಗ್ಗೆ ಹೆಮ್ಮೆಯೇ ಇತ್ತು.

ಕೆಲಸದ ಮಧ್ಯೆ ಅಮ್ಮ ಪಕ್ಕದ ಖಾಲಿ ಜಾಗಕ್ಕೆ ತಿರುಗಿ, "ರತ್ನಾ, ನಿಂದಾಯ್ತಾ?" ಎಂದು ಕೇಳುತ್ತಿದ್ದಳು. ಉತ್ತರ ಬಾರದಿದ್ದರೆ ನನ್ನನ್ನು ಕೇಳುತ್ತಿದ್ದಳು: "ರತ್ನ ಎಲ್ಲೇ? ಬಂದಿಲ್ವಾ ಇವತ್ತು?" ರಜೆ ಹಾಕಿದಾರೆ ಎಂದು ಹೇಳಿ ನಾನು ಪುಸ್ತಕ ತೆಗೆಯುತ್ತಿದ್ದೆ.

ಸಂಕ್ರಾಂತಿಯ ಹಿಂದಿನ ದಿನ ಅಮ್ಮ ಸ್ನಾನಕ್ಕೆ ಹೋದಳು. ನಾನು ಮೊರದ ಮುಂದೆ ಕೂತು, ಕಪ್ಪು ಬೀಜದ ಗುಡ್ಡೆಯನ್ನು ಎರಡೂ ಕೈಯಲ್ಲಿ ಎತ್ತಿ ಒಳ್ಳೆಯ ಬೀಜದ ಮೇಲೆ ಸುರಿದೆ. ತಲೆ ಎತ್ತಿದರೆ ಬಚ್ಚಲ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಉಟ್ಟ ಸೀರೆ ಒಣಗಿಯೇ ಇತ್ತು. ಬಚ್ಚಲಿಗೆ ಯಾಕೆ ಹೋದೆ ಎನ್ನುವುದು ಮರೆತು ವಾಪಸು ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ.

"ಶೈಲಾ," ಎಂದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. "ನಾನು ಆರಿಸಿದ್ದು ಅಲ್ವೇನೇ ಅದು?"

ನಾನು ಅಂಗೈಗೆ ಅಂಟಿದ್ದ ಬೀಜ ಕೊಡವಿಕೊಂಡೆ.

"ದಿನಾ ನೀನೇನಾ?"

ಅವಳ ಕಣ್ಣಲ್ಲಿ ಆ ಹೊತ್ತು ಮರೆವು ಇರಲಿಲ್ಲ. ತಿಂಗಳುಗಳ ನಂತರ ನನ್ನ ಹಳೆಯ ಅಮ್ಮ ಬಂದು ಬಾಗಿಲಲ್ಲಿ ನಿಂತಿದ್ದಳು, ಬಂದು ಅವಳು ನೋಡಿದ್ದು ಇದನ್ನು. ನಾನು ಮೊರ ಪಕ್ಕಕ್ಕೆ ಸರಿಸಿ ಅವಳ ಕೈ ಹಿಡಿಯಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡಳು. ನನ್ನ ಹೆಸರು ಹಿಡಿದು ಅವಳು ಕರೆದದ್ದು ಅದೇ ಕೊನೆ. ಅವತ್ತಿನಿಂದ ನಾನು 'ಆ ಹುಡುಗಿ' ಆದೆ.

ಅದಾದ ಮೇಲೆ ಅಮ್ಮ ಕಪ್ಪು ಬೀಜ ಬಚ್ಚಿಡತೊಡಗಿದಳು. ದಿಂಬಿನ ಚೀಲದಲ್ಲಿ, ಅಕ್ಕಿ ಡಬ್ಬದಲ್ಲಿ, ದೇವರ ಗೂಡಿನ ವಿಭೂತಿ ಬಟ್ಟಲಲ್ಲಿ. ಒಂದು ದಿನ ಸಾರಿನಲ್ಲೇ ನಾಲ್ಕು ಬೀಜ ತೇಲಿತು. ಬೆರೆಸಲು ನನಗೆ ಕಪ್ಪೇ ಸಿಗಲಿಲ್ಲ. ಮೊರದಲ್ಲಿ ಬರೀ ಒಳ್ಳೆಯ ಬೀಜ ಉಳಿಯಿತು. ಅಮ್ಮ ಬೆಳಿಗ್ಗೆ ಒಂದು ಸಲ ಕೈಯಾಡಿಸಿ ನೋಡಿ, "ಮುಗೀತು. ಮೇಸ್ತ್ರಿ ಕರೀರಿ, ಮನೆಗೆ ಹೋಗ್ಬೇಕು" ಎಂದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ನಾನು ಪಾಸ್ ಅನ್ನಬಹುದಿತ್ತು. ಅಂದರೆ ಬಾಗಿಲು ತೆಗೆಯಬೇಕಿತ್ತು, ತೆಗೆದರೆ ಹೈವೇ, ಜನ, ಆಣೆ. ಅನ್ನಲಿಲ್ಲ. ಅವಳು ಬಾಗಿಲು ಬಡಿಯುತ್ತಾ ನಿಂತಳು, ನಾನು ಕಿವಿ ಮುಚ್ಚಿಕೊಂಡು ಕೂತೆ. ಕಾಲೇಜು ಪೂರ್ತಿ ನಿಂತುಹೋಯಿತು. ಹಾಜರಾತಿ ಕಮ್ಮಿಯಾದವರಿಗೆ ಹಾಲ್ ಟಿಕೆಟ್ ಕೊಡುವುದಿಲ್ಲ ಎಂದು ನೋಟಿಸ್ ಹಾಕಿದ್ದಾರೆಂದು ಗೆಳತಿಯೊಬ್ಬಳು ಮೆಸೇಜ್ ಮಾಡಿದಳು. ಪರೀಕ್ಷೆ ಬರೆಯದಿದ್ದರೆ ಮುಂದೆ ನನ್ನ ಪಾಡು ಇದೇ ಮನೆ, ಇದೇ ಮೊರ. ಅದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಮ್ಮ ಬೇಗ ಸತ್ತರೆ ಒಳ್ಳೆಯದು ಎಂದು ಒಂದು ಸಲ ಯೋಚಿಸಿದೆ. ಒಂದೇ ಸಲ ಎಂದು ಬರೆದರೆ ಸುಳ್ಳಾಗುತ್ತದೆ.

ಫೆಬ್ರವರಿ ಮೊದಲ ವಾರ ಮಾತ್ರೆ ತರಲು ಮೆಡಿಕಲ್ ಶಾಪಿಗೆ ಹೋಗಿದ್ದೆ. ವಾಪಸು ಬರುವಾಗ ತಿರುವಿನಿಂದಲೇ ಕಂಡಿತು. ನಮ್ಮ ಮನೆಯ ಮೆಟ್ಟಿಲ ಪಕ್ಕ ಸ್ಕೂಟಿ ನಿಂತಿತ್ತು. ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ವಿಶಾಲಾ ಮೇಡಂ ಕಿಟಕಿಯ ಹೊರಗೆ ಇಟ್ಟಿಗೆ ಗುಡ್ಡೆಯ ಮೇಲೆ ಕೂತಿದ್ದರು. ಒಳಗಿನಿಂದ ಅಮ್ಮ ಕಿಟಕಿ ಸರಳು ಹಿಡಿದು ಮಾತಾಡುತ್ತಿದ್ದಳು. ಓಡಿಹೋಗೋಣ ಎನ್ನಿಸಿತು. ಮಾತ್ರೆಯ ಕವರ್ ಹಿಡಿದುಕೊಂಡು ರಸ್ತೆ ಮಧ್ಯೆ ನಿಂತೆ. ಮೇಡಂ ನನ್ನನ್ನು ನೋಡಿದರೂ ಏಳಲಿಲ್ಲ. ಅಮ್ಮನ ಮಾತು ಮುಗಿಯುವವರೆಗೆ ಕೇಳಿಸಿಕೊಂಡರು.

"ಪಾಸ್ ಮಾಡ್ಸಿ ಅಂತಿದಾರೆ ನಿಮ್ಮಮ್ಮ," ಎಂದರು ಆಮೇಲೆ. "ಏನು ಹಾಗಂದ್ರೆ?"

ನಾನು ಅಳಲು ಶುರು ಮಾಡಿದೆ. ಆಣೆ ಮುರಿಯಿತು. ಬೀಗ, ಬೀಜ, ಬೆರೆಸಿದ್ದು, ಎಲ್ಲಾ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಎಷ್ಟು ದಿನದಿಂದ ಒಬ್ಳೇ ಮಾಡ್ತಿದೀಯಾ?"

"ನವೆಂಬರಿಂದ."

ಮೇಡಂ ಎದ್ದು ನಿಂತು, "ಬೀಗ ತೆಗಿ. ಈಗ ಇಬ್ರು ಇದೀವಲ್ಲ" ಎಂದರು. ಒಳಗೆ ಹೋಗುತ್ತಾ ಕೇಳಿದರು: "ರತ್ನ ಯಾರು? ಆಗ್ಲಿಂದ ಹತ್ತು ಸಲ ಹೇಳಿದ್ರು. ರತ್ನನ್ನ ಕರ್ಸಿ, ನನ್ ಪಕ್ಕ ಕೂರೋಳು ಅಂತ."

ಮೂರು ತಿಂಗಳು ಅಮ್ಮ ನನಗೆ ದಾರಿ ಹೇಳುತ್ತಲೇ ಇದ್ದಳು. ನಾನು ಅದನ್ನು ಕಾಯಿಲೆಯ ಮಾತು ಎಂದುಕೊಂಡಿದ್ದೆ. ಮೇಡಂ ಅರ್ಧ ಗಂಟೆ ಅವಳ ಜೊತೆ ಕೂತದ್ದು, ಅಷ್ಟರಲ್ಲೇ ಕೇಳಿಸಿಕೊಂಡರು.

ರತ್ನಕ್ಕನನ್ನು ಹುಡುಕುವುದು ಕಷ್ಟವೇನೂ ಆಗಲಿಲ್ಲ. ಮಾರುಕಟ್ಟೆ ಹತ್ತಿರ ಹೂವು ಕಟ್ಟಿ ಮಾರುತ್ತಿದ್ದರು. ಮರುದಿನವೇ ಬಂದರು. ಗಿಡ್ಡಗೆ, ಬಾಯಿತುಂಬಾ ಎಲೆಯಡಿಕೆ. ಬಾಗಿಲಲ್ಲೇ ನಿಂತು ಸೊಂಟದ ಮೇಲೆ ಕೈಯಿಟ್ಟು, "ಏನ್ ಮಾರಾಯ್ತಿ ಗೌರಿ, ನನ್ನ ಬಿಟ್ಟು ಒಬ್ಳೇ ಓವರ್‌ಟೈಮ್ ಮಾಡ್ತಿದೀಯಂತೆ?" ಎಂದರು. ಅಮ್ಮ ಮುಖ ಅರಳಿಸಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಆಮೇಲೆ ನನ್ನನ್ನು ಮೂಲೆಗೆ ಕರೆದು ರತ್ನಕ್ಕ ದನಿ ತಗ್ಗಿಸಿದರು: "ಅಲ್ಲಾ ಕಣೆ, ಒಂದು ಮಾತು ಹೇಳ್ಕಳಿಸ್ಬಾರ್ದಿತ್ತಾ? ನಾವೇನು ನಗ್ತಿದ್ವಾ ಅವಳ್ನ ನೋಡಿ?"

ಅವತ್ತು ಮಧ್ಯಾಹ್ನ ಮೂರರ ಹೊತ್ತಿಗೆ, ರತ್ನಕ್ಕ ಬರುವಾಗ ತಂದು ಮೊರಕ್ಕೆ ಸುರಿದಿದ್ದ ಬೀಜ ಆರಿಸಿ ಮುಗಿಯಿತು. ಅಮ್ಮ ಬಾಗಿಲ ಕಡೆ ನೋಡಿದಳು. ರತ್ನಕ್ಕ ಬೀಜದೊಳಗೆ ಅಂಗೈ ತೂರಿಸಿ ಮಗುಚಿದರು, ಮೇಸ್ತ್ರಿಯ ಹಾಗೆ ಮೂತಿ ಮಾಡಿ, "ಪಾಸ್. ಏಳು ಗೌರಿ, ಹೋಗಣ" ಎಂದರು. ಅಮ್ಮ ಎದ್ದು ಸೆರಗು ಕೊಡವಿದಳು. ಇಬ್ಬರೂ ಕೈ ಕೈ ಹಿಡಿದುಕೊಂಡು ಹೊರಗೆ ಹೋದರು. ನೀರಿನ ಟ್ಯಾಂಕಿನವರೆಗೆ ನಡೆದರು, ಅಲ್ಲಿ ತಿರುಗಿ ಅದೇ ರಸ್ತೆಯಲ್ಲಿ ವಾಪಸು ಬಂದರು. ನಮ್ಮ ಮೆಟ್ಟಿಲ ಹತ್ತಿರ ರತ್ನಕ್ಕ, "ಬಂತು ನೋಡು ನಿನ್ ಮನೆ. ನಾಳೆ ಸಿಗ್ತೀನಿ" ಎಂದರು. ಅಮ್ಮ ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ಬಂದು, "ಉಸ್ಸಪ್ಪಾ" ಎಂದು ಗೋಡೆಗೊರಗಿ ಕೂತಳು. ಅವಳು ಮನೆಗೆ ಬಂದಿದ್ದಳು. ಮೂರು ತಿಂಗಳಲ್ಲಿ ಮೊದಲ ಸಲ.

ಅಷ್ಟೇ ಬೇಕಾಗಿದ್ದದ್ದು. ಪಕ್ಕದಲ್ಲಿ ಒಬ್ಬರು, ಒಂದು ಮಾತು, ಟ್ಯಾಂಕಿನವರೆಗಿನ ಇನ್ನೂರು ಹೆಜ್ಜೆ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೊಟ್ಟೆ ಉರಿಯಿತು. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತಾ ತೊಳೆದೆ.

ಮೇಡಂ ಅಪ್ಪನನ್ನು ಕರೆಸಿ ಮಾತಾಡಿದರು, ಪ್ರಿನ್ಸಿಪಾಲರ ಹತ್ತಿರ ಹಾಜರಾತಿಗೆ ದಾರಿ ಮಾಡಿದರು. ಪರೀಕ್ಷೆಯ ದಿನಗಳಲ್ಲಿ ರತ್ನಕ್ಕನ ಜೊತೆ ಹಳೇ ಸಾಲಿನ ಇನ್ನಿಬ್ಬರು ತಮ್ಮ ತಮ್ಮ ಮೊರ ತಂದುಕೊಂಡು ಬಂದು ಕೂತರು. ನಾನು ಬಾಗಿಲು ತೆರೆದಿಟ್ಟು ಪರೀಕ್ಷೆಗೆ ಹೋದೆ. ಮೊದಲನೇ ಮಳೆ ಬಿದ್ದು ತೋಟಗಳೆಲ್ಲ ಹೂವಾಗಿದ್ದವು. ಕೊನೆಯ ಪರೀಕ್ಷೆ ಮುಗಿಸಿ ಬಂದಾಗ ಜಗಲಿಯಲ್ಲಿ ನಗು ಕೇಳುತ್ತಿತ್ತು. ನನ್ನನ್ನು ಕಂಡದ್ದೇ ಅಮ್ಮ ನಗು ನಿಲ್ಲಿಸಿ ಮೊರವನ್ನು ಮಡಿಲಿಗೆ ಎಳೆದುಕೊಂಡಳು. "ನೋಡ್ಕೊಳ್ರೇ," ಎಂದಳು ಉಳಿದವರಿಗೆ, "ಆ ಹುಡುಗಿ ಬಂತು. ಬೆರೆಸ್ತಾಳೆ." ರತ್ನಕ್ಕ ನನ್ನ ಕಡೆ ನೋಡದೆ ಎಲೆಯಡಿಕೆ ಉಗಿಯಲು ಎದ್ದುಹೋದರು.

ಇಷ್ಟೂ ಗೋಣಿಬೀಡಿನ ಜಗಲಿಯಲ್ಲಿ ಕೂತಾಗ ಬಂದು ಹೋಯಿತು. ನಾನು ಸಿಂಚನಳಿಗೆ, "ಬೀಗ ತೆಗಿ ಪುಟ್ಟ. ಈಗ ಮೂರು ಜನ ಇದೀವಿ" ಎಂದೆ. ತೆಗೆಯಲು ಅವಳಿಗೆ ತುಂಬಾ ಹೊತ್ತು ಬೇಕಾಯಿತು. ಅಜ್ಜಿ ಬಾಗಿಲ ಹಿಂದೆಯೇ ಕೂತಿದ್ದರು, ಕೈಯಲ್ಲಿ ಲೋಟ. ಎಲ್ಲಿಗೆ ಹೋಗಬೇಕು ಎಂದು ಕೇಳಿದೆ. "ಬಾವಿಗೆ" ಎಂದರು. ಬಾವಿ ಎಂದೋ ಮುಚ್ಚಿಹೋಗಿದೆ ಎಂದು ಸಿಂಚನ ಪಿಸುಗುಟ್ಟಿದಳು. ಇರಲಿ, ಎಂದೆ. ಬಸ್‌ಸ್ಟಾಪಿನ ನಲ್ಲಿಯವರೆಗೆ ನಡೆಸಿಕೊಂಡು ಹೋದೆವು. ಲೋಟ ತುಂಬಿಸಿಕೊಂಡು ಅಜ್ಜಿ ತಾವಾಗಿಯೇ ಮನೆಯ ಕಡೆ ತಿರುಗಿದರು. ನಾಳೆಯಿಂದ ಬೆಳಿಗ್ಗೆ ಯಾರು ಬರುತ್ತಾರೆ, ಮಧ್ಯಾಹ್ನ ಯಾರು ಎಂದು ಆಶಾ ಕಾರ್ಯಕರ್ತೆ ಆಗಲೇ ಫೋನಿನಲ್ಲಿ ಮಾತಾಡುತ್ತಿದ್ದರು.

ಸಿಂಚನ ನನ್ನ ಪಕ್ಕಕ್ಕೆ ಬಂದಳು. ಬೀಗದ ಕೈ ಅವಳ ಮುಷ್ಟಿಯಲ್ಲಿತ್ತು.

"ಮೇಡಂ, ನಾನು ಬೀಗ ಹಾಕಿದ್ದು ಅಜ್ಜಿಗೆ ನೆನಪಿರತ್ತಾ?"

"ಇರಲ್ಲ ಕಣೆ," ಎಂದೆ. "ಎಲ್ಲಾ ಮರ್ತು ಹೋಗತ್ತೆ ಅವ್ರಿಗೆ."

ಸುಳ್ಳು ಹೇಳುವಾಗ ನಾನೂ ಕಣ್ಣು ತಗ್ಗಿಸಲಿಲ್ಲ.

ಅಮ್ಮ ಆ ವರ್ಷದ ನಂತರ ನಾಲ್ಕು ವರ್ಷ ಬದುಕಿದಳು. ರತ್ನಕ್ಕನನ್ನು ಮರೆತಳು, ಅಪ್ಪನನ್ನು ಮರೆತಳು, ಅನ್ನ ನುಂಗುವುದನ್ನೂ ಮರೆಯತೊಡಗಿದಳು. ಕೊನೆಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಾನು ಮೊರ ತಂದು ಅವಳ ತೊಡೆಯ ಮೇಲಿಟ್ಟೆ. ಬೆರಳು ಬಹಳ ನಿಧಾನ ಆಡಿತು. ಹತ್ತಿಪ್ಪತ್ತು ಬೀಜ ಆರಿಸುವಷ್ಟರಲ್ಲಿ ದಣಿದು ನನ್ನ ಮುಖ ನೋಡಿದಳು.

"ಮೇಸ್ತ್ರಿಗಳೇ, ನೋಡ್ತೀರಾ?"

ಬೀಜದೊಳಗೆ ಅಂಗೈ ತೂರಿಸಿ ಮಗುಚಿದೆ. ಕಪ್ಪು ಬೇಕಾದಷ್ಟಿತ್ತು. "ಪಾಸ್" ಎಂದೆ. ನಾನು ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಅಮ್ಮ ನಿಟ್ಟುಸಿರು ಬಿಟ್ಟಳು. ಮೊರವನ್ನು ನನ್ನ ಕಡೆ ತಳ್ಳಿ, ಆಚೀಚೆ ನೋಡಿ, ಯಾರಿಗೂ ಕೇಳದ ಹಾಗೆ ಹೇಳಿದಳು:

"ನೀವೇ ಇಟ್ಕೊಳ್ಳಿ. ಆ ಹುಡುಗಿ ಕೈಗೆ ಮಾತ್ರ ಕೊಡ್ಬೇಡಿ."

"ಇಲ್ಲ ಗೌರಮ್ಮ," ಎಂದೆ. "ಕೊಡಲ್ಲ."